ಮಕ್ಕಳ ದಮ್ಮು: ನಮ್ಮ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿ ಸೀಮೆಯವಳು. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ 16 ವರ್ಷ ಆಯಿತು. ನನ್ನ ಮಗನಿಗೂ ನಾಲ್ಕನೇ ವಯಸ್ಸಿನಿಂದ ದಮ್ಮು ಇದೆ. ನೆಬ್ಯುಲೈಜರ್ ಹಿಡಿದು ನಿಂತೂ ಗೊತ್ತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಳಗಾಗುವುದನ್ನು ಕಾದೂ ಗೊತ್ತು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯ ತಾಯಂದಿರು ವಾರ್ಡಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನನ್ನನ್ನು ಕೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಔಷಧದ ಪ್ರಮಾಣ ಮಾತ್ರ ನಿಮ್ಮ ಮಗುವನ್ನು ನೋಡಿದ ಡಾಕ್ಟರೇ ಹೇಳಬೇಕು.

ದಮ್ಮು, ಉಬ್ಬಸ, ಅಸ್ತಮಾ: ಮೂರೂ ಒಂದೇನಾ?

ನಮ್ಮ ಮಾತಿನಲ್ಲಿ ಹೌದು. ಎದೆಯೊಳಗೆ ಗಾಳಿ ಹೋಗುವ ಸಣ್ಣ ಸಣ್ಣ ಕೊಳವೆಗಳಿವೆ. ಅಸ್ತಮಾ ಇರುವ ಮಗುವಿನಲ್ಲಿ ಅವುಗಳ ಒಳಮೈ ಸದಾ ಸ್ವಲ್ಪ ಬಾತುಕೊಂಡಿರುತ್ತದೆ. ಹೊಗೆ, ಧೂಳು, ನೆಗಡಿ, ತಂಡಿ ಗಾಳಿ ತಾಗಿದ ಕೂಡಲೇ ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಅಂಟು ಕಫ ತುಂಬುತ್ತದೆ. ದಾರಿ ಕಿರಿದಾಯಿತು ಅಂದರೆ ಸುಂಯ್ ಅಂತ ಸದ್ದು. ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಮಗುವಿಗೆ ಕಷ್ಟವಾಗುತ್ತದೆ.

ಒಂದು ಮಾತು ನೆನಪಿರಲಿ. ಮಗು ನಕ್ಕು ಆಡುತ್ತಿರುವ ದಿನವೂ ಆ ಬಾವು ಒಳಗೆ ಇದ್ದೇ ಇರಬಹುದು. ಮುಂದೆ ಪಂಪಿನ (ಇನ್ಹೇಲರಿನ) ವಿಷಯ ಬಂದಾಗ ಇದು ಬೇಕಾಗುತ್ತದೆ.

ನಮ್ಮ ಮಗುವಿಗೆ ಬರೀ ಕೆಮ್ಮು. ಅಸ್ತಮಾ ಅಂತ ಹೇಗೆ ಗೊತ್ತಾಗುತ್ತದೆ?

ಕೆಮ್ಮು ಯಾವಾಗ ಬರುತ್ತದೆ ನೋಡಿ. ರಾತ್ರಿ ಎರಡು ಮೂರು ಗಂಟೆಗೆ, ಬೆಳಗಿನ ಜಾವ, ಓಡಿದ ಮೇಲೆ, ಜೋರಾಗಿ ನಕ್ಕರೆ ಅತ್ತರೆ ಕೆಮ್ಮು ಬರುವುದು, ಪ್ರತಿ ನೆಗಡಿಯೂ ಎದೆಗೆ ಇಳಿದು ಹತ್ತು ದಿನಕ್ಕೂ ಜಾಸ್ತಿ ಕಾಡುವುದು, ಜೊತೆಗೆ ಚರ್ಮದ ತುರಿಕೆ ಅಥವಾ ಬೆಳಿಗ್ಗೆ ಎದ್ದರೆ ಸಾಲು ಸೀನು ಇರುವುದು. ಹೀಗಿದ್ದರೆ ಡಾಕ್ಟರಿಗೆ ಅಸ್ತಮಾ ಅನುಮಾನ ಬರುತ್ತದೆ. ಐದಾರು ವರ್ಷ ದಾಟಿದ ಮಕ್ಕಳಿಗೆ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಬಹುದು. ಅದಕ್ಕಿಂತ ಚಿಕ್ಕವರಿಗೆ ನೀವು ಹೇಳುವ ವಿವರವೇ ದೊಡ್ಡ ಪರೀಕ್ಷೆ. ದಮ್ಮು ಬಂದಾಗ ಮಗುವಿನ ಎದೆ ಕಾಣುವ ಹಾಗೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಂಡು ಬನ್ನಿ. ಆಸ್ಪತ್ರೆಗೆ ಬರುವ ಹೊತ್ತಿಗೆ ಎಷ್ಟೋ ಸಲ ಸದ್ದು ನಿಂತಿರುತ್ತದೆ.

ಎರಡು ಎಚ್ಚರಿಕೆ. ಕೆಮ್ಮು ಎರಡು ವಾರ ದಾಟಿ, ಜೊತೆಗೆ ಜ್ವರ ಇದ್ದು ಮಗುವಿನ ತೂಕ ಇಳಿಯುತ್ತಿದ್ದರೆ ಟಿಬಿ ಪರೀಕ್ಷೆ ಮಾಡಿಸಲೇಬೇಕು. ಇನ್ನೊಂದು, ಶೇಂಗಾ. ನಮ್ಮ ಮನೆಗಳಲ್ಲಿ ಶೇಂಗಾ ಇಲ್ಲದ ದಿನ ಇಲ್ಲ. ಚೆನ್ನಾಗಿದ್ದ ಎರಡು ವರ್ಷದ ಕೂಸು ಶೇಂಗಾ ತಿನ್ನುತ್ತಾ ನೆತ್ತಿಗೇರಿಸಿಕೊಂಡು ಕೆಮ್ಮಿ, ಅಂದಿನಿಂದ ಸುಂಯ್ ಅನ್ನತೊಡಗಿದರೆ ಅದು ದಮ್ಮು ಆಗಿರಲಿಕ್ಕಿಲ್ಲ. ಕಾಳು ಶ್ವಾಸನಾಳದಲ್ಲಿ ಕೂತಿರಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಈ ಮಗುವಿಗೆ ಯಾಕೆ ಬಂತು?

ತಂದೆತಾಯಿಗೆ ಅಸ್ತಮಾ ಅಥವಾ ಅಲರ್ಜಿ ಇದ್ದರೆ ಮಗುವಿಗೆ ಬರುವ ಸಂಭವ ಜಾಸ್ತಿ. ಆದರೆ ಯಾರಿಗೂ ಇಲ್ಲದ ಮನೆಯಲ್ಲೂ ಬರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಕಡಿಮೆ ತೂಕದ ಮಗು, ಮೊದಲ ವರ್ಷದಲ್ಲೇ ಎದೆಯ ಸೋಂಕಿನಿಂದ ಆಸ್ಪತ್ರೆ ಸೇರಿದ ಮಗು, ಬಸಿರಿನಲ್ಲಿದ್ದಾಗಲೂ ಹುಟ್ಟಿದ ಮೇಲೂ ಹೊಗೆ ಕುಡಿದ ಮಗು, ಇವರ ಶ್ವಾಸನಾಳಗಳು ಸೂಕ್ಷ್ಮವಾಗಿರುತ್ತವೆ. ಒಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವಾರ್ಡಿಗೆ ಬಂದ ಸೊಸೆಗೆ ಅತ್ತೆ "ನಿಮ್ಮ ತವರಿನ ಕಡೆಯಿಂದನ ಬಂದೈತಿ" ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬಸಿರಿಯಿದ್ದಾಗ ತಣ್ಣೀರು ಕುಡಿದಳು, ತಲೆಗೆ ಬಟ್ಟೆ ಕಟ್ಟಲಿಲ್ಲ, ಸೀತಾಫಲ ತಿಂದಳು. ಇವು ಯಾವುದರಿಂದಲೂ ಮಗುವಿಗೆ ಅಸ್ತಮಾ ಬರುವುದಿಲ್ಲ. ತಾಯಿಯನ್ನು ಬಿಟ್ಟು ಮನೆಯ ಗಾಳಿ ಹೇಗಿದೆ ಅಂತ ನೋಡಿ.

ಇದು ಅಂಟುತ್ತದಾ?

ಇಲ್ಲ. ತಂಗಿಯನ್ನು ಪಕ್ಕದಲ್ಲೇ ಮಲಗಿಸಿ, ಒಂದೇ ತಟ್ಟೆಯಲ್ಲಿ ಉಣಿಸಿ. ಏನೂ ಆಗುವುದಿಲ್ಲ.

ಕಬ್ಬಿನ ಹಂಗಾಮು ಶುರುವಾದರೆ ಸಾಕು, ಮಗುವಿಗೆ ಜೋರಾಗುತ್ತದೆ. ನಿಜವಾಗಿ ಸಂಬಂಧ ಇದೆಯಾ?

ಇದೆ. ಮುಧೋಳ, ಜಮಖಂಡಿ, ಬೀಳಗಿ, ಅಥಣಿ, ರಾಯಬಾಗ, ಗೋಕಾಕ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಆಸುಪಾಸಿನಲ್ಲಿ ಫ್ಯಾಕ್ಟರಿ ಶುರುವಾಗುತ್ತದೆ, ಬೇಸಿಗೆ ಬರುವವರೆಗೂ ನಡೆಯುತ್ತದೆ. ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣ ಸೋಗೆಗೆ, ಅಂದರೆ ರವದಿಗೆ, ಸಂಜೆ ಬೆಂಕಿ ಹಚ್ಚುತ್ತಾರೆ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಕೂತುಬಿಡುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಅದರ ಮೇಲೆ ಮುಚ್ಚಳದ ಹಾಗೆ ನಿಲ್ಲುತ್ತದೆ. ಹೊಗೆ ಮೇಲೇರದೆ ಊರೊಳಗೇ ಹರಡುತ್ತದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಕೆನಾಲಿನ ಮೇಲೆ, ಜೋಳದ ಹೊಲದ ಮೇಲೆ ಸೊಂಟದೆತ್ತರಕ್ಕೆ ಮಂಜಿನ ಹಾಗೆ ಕಾಣುತ್ತದೆ ಅಲ್ವಾ? ಅದರಲ್ಲಿ ಮಂಜು ಎಷ್ಟೋ ಹೊಗೆಯೂ ಅಷ್ಟೇ.

ಆ ಹೊಗೆಯಲ್ಲಿ ಪಿಎಂ 2.5 ಅನ್ನುವ ಕಣಗಳಿರುತ್ತವೆ. ತಲೆಗೂದಲಿಗಿಂತ ಸುಮಾರು 30 ಪಟ್ಟು ತೆಳು. ಮೂಗಿನ ಕೂದಲು, ಕಫ ಯಾವುದೂ ಅವನ್ನು ತಡೆಯುವುದಿಲ್ಲ. ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಹಾಗಾಗಿ ಒಂದೇ ಅಂಗಳದಲ್ಲಿ ನಿಂತರೂ ಅಪ್ಪನಿಗಿಂತ ಮಗುವಿನ ಎದೆಗೆ ಹೊರೆ ಜಾಸ್ತಿ.

ಇದರ ಮೇಲೆ ಬೇರೆಯವೂ ಇವೆ. ಫ್ಯಾಕ್ಟರಿ ಹತ್ತಿರದ ಊರುಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುವ ಕರಿ ಬೂದಿ. ಗಾಣದ ಹೊಗೆ. ಡಬಲ್ ಟ್ರಾಲಿ ಟ್ರ್ಯಾಕ್ಟರುಗಳು ಎಬ್ಬಿಸುವ ರಸ್ತೆ ಧೂಳು. ಹೊಲದ ಬದುವಿನಲ್ಲಿ ಹೂ ಬಿಟ್ಟ ಕಾಂಗ್ರೆಸ್ ಕಸ. ಕಾಂಗ್ರೆಸ್ ಕಸದ ಪರಾಗ ಹಲವರಿಗೆ ಮೂಗಿನ ಅಲರ್ಜಿ ತರುತ್ತದೆ. ಬಳ್ಳಾರಿ ಜಾಲಿಯ ಪರಾಗವೂ ಹಾಗೇ.

ಮಾಡಬಹುದಾದದ್ದು: ಹಂಗಾಮು ಶುರುವಾಗುವ ಮೊದಲೇ ಡಾಕ್ಟರಿಗೆ ತೋರಿಸಿ, ದಿನದ ಪಂಪ್ ತಪ್ಪಿಸಬೇಡಿ. ರವದಿ ಸುಡುವ ಸಂಜೆ ಆ ಕಡೆಯ ಕಿಟಕಿ ಮುಚ್ಚಿ, ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ. ರೈತ ಅಣ್ಣಂದಿರಲ್ಲಿ ನನ್ನದೊಂದು ಬೇಡಿಕೆ ಇದೆ. ರವದಿಯನ್ನು ಸಾಲಿನಲ್ಲಿ ಹರಡಿಬಿಟ್ಟರೆ ನೆಲದ ತೇವ ಉಳಿಯುತ್ತದೆ, ಕಸ ಕಡಿಮೆ, ಕೊಳೆತು ಗೊಬ್ಬರವಾಗುತ್ತದೆ. ಕತ್ತರಿಸಿ ಹರಡುವ ಯಂತ್ರವೂ ಇದೆ. ಸುಟ್ಟರೆ ಅರ್ಧ ಗಂಟೆಯ ಕೆಲಸ, ಹರಡಿದರೆ ಖರ್ಚು, ಆಳು ಬೇಕು ಅನ್ನುವುದು ನನಗೆ ಗೊತ್ತು. ನಮ್ಮದೂ ಎರಡು ಎಕರೆ ಕಬ್ಬಿದೆ. ಆದರೂ ಕೇಳುತ್ತೇನೆ.

ಮನೆಯಲ್ಲಿ ಸಿಲಿಂಡರ್ ಇದೆ. ಆದರೂ ಒಲೆ ಹೊಗೆಯ ಬಗ್ಗೆ ಯಾಕೆ ಕೇಳುತ್ತೀರಿ?

ಸಿಲಿಂಡರ್ ಇದೆ ಅಂದವರ ಮನೆಯಲ್ಲೂ ಒಲೆ ಉರಿಯುತ್ತಿರುತ್ತದೆ, ಅದಕ್ಕೇ. ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಯಿತು, ಬಡವರ ಮನೆಗೂ ಗ್ಯಾಸ್ ಬಂತು. ಒಳ್ಳೆಯದೇ ಆಯಿತು. ಆದರೆ 14.2 ಕೆಜಿ ಸಿಲಿಂಡರ್ ತುಂಬಿಸಲು ಒಂದೇ ಸಲ ದುಡ್ಡು ಎಣಿಸಬೇಕು. ಹೊಲದ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿ, ಹಿತ್ತಲಿನ ಕುಳ್ಳು ಪುಕ್ಕಟೆ. ಹಾಗಾಗಿ ಗ್ಯಾಸಿನ ಮೇಲೆ ಚಹಾ, ಅವಲಕ್ಕಿ. ರೊಟ್ಟಿ, ಜಳಕದ ನೀರು, ದನದ ಹಿಂಡಿ ಒಲೆಯ ಮೇಲೆ. ದಿನಕ್ಕೆ ಎರಡು ಹೊತ್ತು ಇಡೀ ಮನೆಗೆ ರೊಟ್ಟಿ ಬಡಿಯುವುದೆಂದರೆ ಗಂಟೆಗಟ್ಟಲೆ ಹೊಗೆ. ಆಗ ಕೂಸು ಎಲ್ಲಿರುತ್ತದೆ? ಅವ್ವನ ಬೆನ್ನಿಗೋ ಮಡಿಲಿಗೋ ಅಂಟಿಕೊಂಡು.

ಒಮ್ಮೆ ಒಬ್ಬ ತಾಯಿ ಮೂರು ವರ್ಷದ ಮಗನನ್ನು ತಿಂಗಳಲ್ಲಿ ಮೂರನೇ ಸಲ ಕರೆದುಕೊಂಡು ಬಂದಳು. ಕೂಸಿನ ಸ್ವೆಟರ್ ಬಿಚ್ಚುವಾಗ ಕುಳ್ಳಿನ ಹೊಗೆ ವಾಸನೆ ನನ್ನ ಕೈಗೂ ಹತ್ತಿತು. ಅವಳನ್ನು ಬೈದರೆ ಏನು ಬಂತು? ಆ ಮನೆಯಲ್ಲಿ ಸಿಲಿಂಡರ್ ತರಿಸುವ ನಿರ್ಧಾರ ಅವಳದ್ದಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನನ್ನು ಕರೆದು ಸ್ವೆಟರ್ ಮೂಸಿ ನೋಡಲು ಹೇಳಿದೆ. ಮಗುವಿನ ಮೂರು ಸಲದ ಆಸ್ಪತ್ರೆ ಖರ್ಚು, ಬಸ್ ಚಾರ್ಜು, ಕಳೆದುಹೋದ ಪಗಾರ ಎಲ್ಲವನ್ನೂ ಅವನ ಎದುರೇ ಕೂಡಿಸಿದೆ. ಮುಂದಿನ ಸಲ ಬಂದಾಗ ಅವರು ಒಲೆಯನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿದ್ದರು, ರೊಟ್ಟಿ ಗ್ಯಾಸಿನ ಮೇಲೆ ಆಗುತ್ತಿತ್ತು.

ಗ್ಯಾಸ್ ಸಾಲದಿದ್ದರೆ ಇಷ್ಟಾದರೂ ಮಾಡಿ. ಒಲೆ ಹೊರಗೆ ಇರಲಿ, ಕಟ್ಟಿಗೆ ಚೆನ್ನಾಗಿ ಒಣಗಿರಲಿ, ಪ್ಲಾಸ್ಟಿಕ್ ಚೀಲ ಹಾಕಿ ಹೊತ್ತಿಸುವುದು ಬೇಡ. ಹಳೇ ಮಾಳಿಗೆ ಮನೆಯ ಬೆಳಕಿಂಡಿ ಮುಚ್ಚಿಬಿಟ್ಟಿದ್ದರೆ ತೆಗೆಯಿರಿ. ಒಲೆ ಉರಿಯುವಾಗ ಕೂಸನ್ನು ಅಜ್ಜಿಯ ಹತ್ತಿರ ಪಡಸಾಲೆಯಲ್ಲಿ ಬಿಡಿ.

ಬಾಣಂತಿ ಕೋಣೆಯ ಅಗ್ಗಿಷ್ಟಿಗೆ, ಲೋಬಾನದ ಹೊಗೆ?

ಎರೆದ ಮೇಲೆ ಕೂಸಿಗೆ ಲೋಬಾನ ಹಿಡಿಯುವುದು, ಹೊರಸಿನ ಕೆಳಗೆ ಕೆಂಡ ಇಟ್ಟು ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಬಾಣಂತಿ ಬೆಚ್ಚಗಿರಲಿ ಅಂತ. ಬೆಚ್ಚಗಿರಲು ಕೌದಿ, ಕುಂಚಿಗೆ, ಅವ್ವನ ಮೈ ಸಾಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಿಷಗಾಳಿಯ ಅಪಾಯವೂ ಇದೆ. ದೊಡ್ಡವರಿಗೆ ಬೇಜಾರಾಗದ ಹಾಗೆ ಹೇಳಬೇಕೆಂದರೆ ಆಶಾ ಅಕ್ಕನನ್ನು ಕರೆಸಿ ಅವರ ಬಾಯಿಂದ ಹೇಳಿಸಿ. ಸೊಸೆ ಹೇಳಿದ್ದಕ್ಕಿಂತ ಅದು ಜಾಸ್ತಿ ನಡೆಯುತ್ತದೆ. ಸೊಳ್ಳೆಬತ್ತಿ, ಊದಿನಕಡ್ಡಿಗೂ ಇದೇ ಮಾತು. ಸೊಳ್ಳೆಪರದೆ ಕಟ್ಟಿ.

ಅಜ್ಜ ಹೊರಗೆ ಕೂತೇ ಬೀಡಿ ಸೇದುತ್ತಾರೆ. ಆದರೂ ತೊಂದರೆನಾ?

ಒಳಗೆ ಸೇದುವುದಕ್ಕಿಂತ ವಾಸಿ. ಆದರೆ ಕಟ್ಟೆಯ ಮೇಲಿನ ಹೊಗೆ ಬಾಗಿಲಿನಿಂದ ಒಳಗೆ ಬರುತ್ತದೆ. ಸೇದಿದವರ ಬಟ್ಟೆ, ಟವೆಲ್ ಮೇಲೆ ಕೂತ ವಿಷ ಮಗುವನ್ನು ಎತ್ತಿಕೊಂಡಾಗ ಅದರ ಮೂಗಿಗೆ ಹೋಗುತ್ತದೆ. ಬಿಡುವುದೇ ಸರಿ. ಎಷ್ಟೋ ಅಜ್ಜಂದಿರು ಮೊಮ್ಮಗನಿಗಾಗಿ ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಿಪ್ಪಾಣಿ ಕಡೆ ಇನ್ನೊಂದು ಸಂಗತಿ ಇದೆ. ಅಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಮೊರದಲ್ಲಿ ತಂಬಾಕು, ಪಕ್ಕದಲ್ಲೇ ಮಲಗಿದ ಕೂಸು. ತಂಬಾಕಿನ ಧೂಳೂ ಎದೆಗೆ ಕೆಟ್ಟದ್ದು. ಕೆಲಸ ಬಿಡಿ ಅಂತ ನಾನು ಹೇಳಲಾರೆ. ಕೂಸು ಮಲಗುವ ಜಾಗ, ತಂಬಾಕು ಇಡುವ ಜಾಗ ಬೇರೆ ಬೇರೆ ಮಾಡಿ, ಎತ್ತಿಕೊಳ್ಳುವ ಮೊದಲು ಕೈ ತೊಳೆದು ಸೆರಗು ಕೊಡವಿ.

ನಮ್ಮದು ಮಗ್ಗದ ಮನೆ. ನಾವು ಏನು ಮಾಡಬೇಕು?

ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲಿನ ಮನೆಗಳಲ್ಲಿ ಮಗ್ಗ ಇರುವ ಕೋಣೆಯಲ್ಲೇ ಊಟ, ನಿದ್ದೆ. ನೂಲಿನ ನಯ ಧೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಒಣ ಪೊರಕೆಯಿಂದ ಗುಡಿಸಿದರೆ ಮತ್ತೆ ಮೇಲೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ನಡುವೆ ಒಂದು ಪರದೆಯಾದರೂ ಇರಲಿ. ವಿಜಯಪುರದ ಕಡೆ ಒಣದ್ರಾಕ್ಷಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರಲ್ಲ, ಆ ಹೊಗೆ ದಮ್ಮು ಇರುವವರಿಗೆ ತಕ್ಷಣ ಕೊಳವೆ ಬಿಗಿಸುತ್ತದೆ. ಶೆಡ್ಡಿನ ಹತ್ತಿರ ಆ ಮಗುವನ್ನು ಕರೆದೊಯ್ಯಲೇಬೇಡಿ. ಜೋಳದ ರಾಶಿ, ತೊಗರಿ ಒಕ್ಕಣೆ ದಿನವೂ ಹಾಗೇ.

ಮನೆಯೊಳಗಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ. ಹಾಸಿಗೆ, ದಿಂಬು, ಅಜ್ಜಿ ಹೊಲಿದ ದಪ್ಪ ಕೌದಿ ಅವುಗಳ ಮನೆ. ಕೌದಿ ಬಿಸಾಡಬೇಕಿಲ್ಲ. ಬಿಸಿನೀರಲ್ಲಿ ಒಗೆದು ನಮ್ಮ ಊರಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ.

ಬಡವರ ಮಕ್ಕಳಿಗೇ ಇದು ಜಾಸ್ತಿ ಕಾಡುತ್ತದಾ?

ಅಸ್ತಮಾ ಶ್ರೀಮಂತರ ಮನೆಗೂ ಬರುತ್ತದೆ. ಆದರೆ ಕೆಟ್ಟು ಹೋಗುವುದು, ಉಸಿರು ನಿಲ್ಲುವ ಹಂತಕ್ಕೆ ಬರುವುದು ಬಡವರ ಮನೆಯಲ್ಲೇ ಜಾಸ್ತಿ. ಒಂದೇ ಕೋಣೆಯ ಮನೆ, ಹಸಿ ಗೋಡೆಯ ಬೂಷ್ಟು, ರಸ್ತೆ ಪಕ್ಕದ ಶೆಡ್ಡು, ದಿನಗೂಲಿ ಬಿಟ್ಟು ಬರಲಾಗದ ತಾಯಿ, ತಿಂಗಳ ಪಂಪಿಗೆ ಸಾಲದ ದುಡ್ಡು. ಇವೆಲ್ಲ ಸೇರಿದಾಗ ಸಾಧಾರಣ ದಮ್ಮು ದೊಡ್ಡದಾಗುತ್ತದೆ.

ಲಂಡನ್ನಿನಲ್ಲಿ ಎಲಾ ಅಡೂ-ಕಿಸ್ಸಿ-ಡೆಬ್ರಾ ಅನ್ನುವ ಹುಡುಗಿ ಇದ್ದಳು. ವಾಹನ ಕಿಕ್ಕಿರಿದ ರಸ್ತೆಯ ಹತ್ತಿರ ಮನೆ. ಪದೇ ಪದೇ ಆಸ್ಪತ್ರೆ ಸೇರಿ 2013ರ ಫೆಬ್ರವರಿಯಲ್ಲಿ 9ನೇ ವಯಸ್ಸಿಗೆ ಅಸ್ತಮಾದಿಂದ ತೀರಿಕೊಂಡಳು. ತಾಯಿ ರೋಸಮಂಡ್ ಬಿಡಲಿಲ್ಲ. ಕೊನೆಗೆ 2020ರ ಡಿಸೆಂಬರಿನಲ್ಲಿ, ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ ಅಲ್ಲಿನ ವಿಚಾರಣಾಧಿಕಾರಿ ತೀರ್ಪು ಕೊಟ್ಟರು. ಬ್ರಿಟನ್ನಿನಲ್ಲಿ ಒಬ್ಬರ ಸಾವಿಗೆ ಹಾಗೆ ಕಾರಣ ಬರೆದದ್ದು ಅದೇ ಮೊದಲು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು ನೆನಪಾದರು. ಹೊಲದ ಬದಿಯ ಜೋಪಡಿಯಲ್ಲಿ, ಮೂರು ಕಲ್ಲಿನ ಒಲೆಯ ಪಕ್ಕ ಮಲಗುವ ಮಕ್ಕಳು. ಅವರ ಕಾಗದದಲ್ಲಿ ಯಾರೂ ಹೊಗೆ ಅಂತ ಬರೆಯುವುದಿಲ್ಲ. ನ್ಯುಮೋನಿಯಾ ಅಂತಲೋ ಇನ್ನೇನೋ ಬರೆಯುತ್ತಾರೆ.

ಪಿಎಂ 2.5ಕ್ಕೆ ನಮ್ಮ ದೇಶ ಇಟ್ಟುಕೊಂಡ ವರ್ಷದ ಸರಾಸರಿ ಮಿತಿ, ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಮಾತು ಬರುತ್ತದೆ. ಹೊಗೆಯ ಮಾತನ್ನೂ ಎತ್ತಿ.

ಮೊಸರು, ಬಾಳೆಹಣ್ಣು, ಪೇರಲ ಬಿಡಿಸಬೇಕಾ?

ಬೇಡ. ಯಾವುದೋ ಒಂದು ತಿನಿಸಿಗೆ ಪ್ರತಿ ಸಲವೂ ತುರಿಕೆ, ವಾಂತಿ, ದಮ್ಮು ಬಂದರೆ ಅದೊಂದನ್ನು ಬಿಡಿಸಿ ಡಾಕ್ಟರಿಗೆ ಹೇಳಿ. ಸುಮ್ನೆ ಎಲ್ಲ ಬಿಡಿಸಿದರೆ ಮಗು ಸೊರಗುತ್ತದೆ ಅಷ್ಟೇ.

ಪಂಪ್ ಚಟ ಆಗುತ್ತದಂತೆ. ಮೊದಲು ಸಿರಪ್, ಗುಳಿಗೆ ನೋಡಿ ಕೊನೆಗೆ ಪಂಪ್ ಕೊಡಬಹುದಲ್ಲ?

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಲೆಕ್ಕ ಮಾಡೋಣ. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಸಿರಪ್ 5 ಎಂಎಲ್‌ನಲ್ಲಿ 2 ಮಿಲಿಗ್ರಾಂ ಔಷಧ ಇರುತ್ತದೆ. ಅದೇ ಔಷಧದ ಪಂಪ್ ಒಂದು ಸಲ ಒತ್ತಿದರೆ, ಅಂದರೆ ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಅಂದರೆ ಒಂದು ಚಮಚ ಸಿರಪ್, 20 ಪಫ್‌ಗೆ ಸಮ. ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಕೊನೆಗೆ ಎದೆಗೆ ಬರುತ್ತದೆ. ಮಗುವಿನ ಕೈ ನಡುಗುತ್ತದೆ, ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಪಂಪ್ ಬೇಕಾದ ಜಾಗಕ್ಕೇ ಚೂರು ಔಷಧ ಕಳಿಸಿ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಚಟ ಆಗುವುದಿಲ್ಲ. ಕನ್ನಡಕ ಹಾಕಿಕೊಂಡರೆ ಚಟ ಅಂತ ಯಾರಾದರೂ ಹೇಳುತ್ತಾರಾ?

ಪಂಪಿನಲ್ಲಿ ಎರಡು ಬಗೆ. ಒಂದು, ಬಿಗಿದ ಕೊಳವೆಯನ್ನು ತಕ್ಷಣ ಸಡಿಲಿಸುವುದು, ಸಾಲ್ಬುಟಮಾಲ್. ಹೆಚ್ಚಾಗಿ ನೀಲಿ. ಇನ್ನೊಂದು ಒಳಗಿನ ಬಾವು ಇಳಿಸುವ ಸ್ಟಿರಾಯ್ಡ್ ಪಂಪ್, ಬ್ಯುಡೆಸೊನೈಡ್‌ನಂಥದ್ದು. ಇದನ್ನು ಮಗು ಚೆನ್ನಾಗಿದ್ದಾಗಲೂ ಡಾಕ್ಟರ್ ಹೇಳುವವರೆಗೆ ದಿನಾ ಕೊಡಬೇಕು. ಮನೆಗಳಲ್ಲಿ ಉಲ್ಟಾ ಆಗುತ್ತದೆ. ತಕ್ಷಣ ಆರಾಮ ಕೊಡುವ ನೀಲಿ ಪಂಪ್ ಮೇಲೆ ನಂಬಿಕೆ, ಸದ್ದಿಲ್ಲದೆ ಕೆಲಸ ಮಾಡುವುದರ ಮೇಲೆ ಅನುಮಾನ.

ನಾನೇ ಆ ತಪ್ಪು ಮಾಡಿದ್ದೇನೆ. ಮಗನಿಗೆ ಆಗ ಆರು ವರ್ಷ. ಎರಡು ತಿಂಗಳು ಒಂದು ಸಲವೂ ಕೆಮ್ಮಲಿಲ್ಲ. ಅತ್ತೆ, "ಇನ್ನ ಸಾಕು ಬಿಡವಾ, ಸ್ಟಿರಾಯ್ಡ್ ಅಂತ" ಅಂದರು. ನನಗೂ ಹೌದೆನ್ನಿಸಿತು. ಡಾಕ್ಟರನ್ನು ಕೇಳದೆ ದಿನದ ಪಂಪ್ ನಿಲ್ಲಿಸಿದೆ. ಜನವರಿಯ ಒಂದು ರಾತ್ರಿ ಪಕ್ಕದ ಹೊಲದಲ್ಲಿ ರವದಿ ಸುಟ್ಟರು. ಎರಡು ಗಂಟೆಗೆ ಕಣ್ಣು ಬಿಟ್ಟರೆ ಮಗ ಹಾಸಿಗೆಯ ಮೇಲೆ ಎರಡೂ ಕೈ ಊರಿ, ಮುಂದೆ ಬಾಗಿ ಕೂತಿದ್ದ. ಕೊರಳಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಇಳಿಯುತ್ತಿತ್ತು. "ಅವ್ವಾ, ಉಸಿರ ಸಾಲವಲ್ದು" ಅಂದ. ಮೂರು ಪದ ಹೇಳಲು ಮೂರು ಸಲ ನಿಂತ. ನೀಲಿ ಪಂಪ್ ಒತ್ತಿದೆ. ಪುಸ್ ಅಂತ ಗಾಳಿ ಬಂತು, ಔಷಧ ಮುಗಿದಿತ್ತು. ಗಂಡನ ಗಾಡಿಯ ಮೇಲೆ ನಡುವೆ ಅವನನ್ನು ಕೂರಿಸಿಕೊಂಡು ಹೋದೆವು. ನನ್ನ ಎದೆಗೆ ಒತ್ತಿದ್ದ ಅವನ ಬೆನ್ನು ಆ ಚಳಿಯಲ್ಲೂ ಬೆವರಿನಿಂದ ಒದ್ದೆ. ಆಕ್ಸಿಜನ್ ಹಚ್ಚಿದ ಮೇಲೆ ಬೆಳಗಿನ ಹೊತ್ತಿಗೆ ನಿದ್ದೆ ಹೋದ. ಅಂದಿನಿಂದ ಮನೆಯಲ್ಲಿ ಯಾವಾಗಲೂ ಎರಡು ನೀಲಿ ಪಂಪ್ ಇಟ್ಟಿದ್ದೇನೆ. ಡಬ್ಬಿಯ ಮೇಲೆ ಎಷ್ಟು ಪಫ್ ಅಂತ ಬರೆದಿರುತ್ತದೆ. ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಖು ಬರೆದು ಲೆಕ್ಕ ಇಡಿ. ನೀರಲ್ಲಿ ತೇಲಿಸಿ ನೋಡುವುದು ನಂಬಿಕೆಗೆ ಅರ್ಹವಲ್ಲ.

ಎತ್ತರ ಕುಂಠಿತವಾಗುತ್ತದಾ ಅಂತ ಕೇಳುತ್ತಾರೆ. ದಿನಾ ಸ್ಟಿರಾಯ್ಡ್ ಪಂಪ್ ತೆಗೆದುಕೊಳ್ಳುವ ಮಕ್ಕಳಲ್ಲಿ ಶುರುವಿನ ಒಂದೆರಡು ವರ್ಷ ಬೆಳವಣಿಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಆಗಬಹುದು. ಹತೋಟಿಗೆ ಬಾರದ ಅಸ್ತಮಾವೂ ಬೆಳವಣಿಗೆ ತಡೆಯುತ್ತದೆ, ಜೀವಕ್ಕೂ ಅಪಾಯ. ಈ ಎರಡನ್ನೂ ತೂಗಿ ನಾನು ಪಂಪನ್ನೇ ಆರಿಸಿದ್ದೇನೆ.

ಸ್ಪೇಸರ್ ಬೇಕೇ ಬೇಕಾ?

ಬೇಕು. ಸ್ಪೇಸರ್ ಅಂದರೆ ಪಂಪಿಗೂ ಮಗುವಿನ ಬಾಯಿಗೂ ನಡುವೆ ಹಿಡಿಯುವ ಪೊಳ್ಳು ಡಬ್ಬಿ. ಬರೀ ಪಂಪ್ ಬಾಯಿಗಿಟ್ಟು ಒತ್ತಿದರೆ ಔಷಧ ಬಹುಪಾಲು ಗಂಟಲಿಗೇ ಬಡಿಯುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಮಾಸ್ಕ್ ಇರುವ ಸ್ಪೇಸರ್, ದೊಡ್ಡವರಿಗೆ ಬಾಯಲ್ಲಿ ಹಿಡಿಯುವುದು. ಪಂಪ್ ಚೆನ್ನಾಗಿ ಅಲುಗಾಡಿಸಿ, ಒಂದು ಪಫ್ ಒತ್ತಿ, ಐದಾರು ಸಲ ನಿಧಾನ ಉಸಿರಾಡಲಿ. ಆಮೇಲೆ ಇನ್ನೊಂದು ಪಫ್. ಎರಡು ಮೂರು ಪಫ್ ಒಟ್ಟಿಗೆ ತುಂಬಬೇಡಿ. ಸ್ಟಿರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧ ಗೋಡೆಗೆ ಅಂಟುತ್ತದೆ.

ಕೈಯಲ್ಲಿ ಸ್ಪೇಸರ್ ಇಲ್ಲದಿದ್ದರೆ 500 ಎಂಎಲ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಬಾಟಲಿಯ ಬಾಯಿಂದ ಮಗು ಉಸಿರಾಡಲಿ. ಇದು ಹಳ್ಳಿ ಉಪಾಯ ಅಂತ ತಿಳಿಯಬೇಡಿ. ದಕ್ಷಿಣ ಆಫ್ರಿಕಾದ ಮಕ್ಕಳ ಡಾಕ್ಟರ್ ಹೀದರ್ ಝಾರ್ ಮತ್ತು ಜೊತೆಗಾರರು ಪರೀಕ್ಷಿಸಿ, ತೂತನ್ನು ಸರಿಯಾಗಿ ಮುಚ್ಚಿದ ಇಂಥ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲಿ ತೋರಿಸಿದರು. ಪಂಪ್ ದುಬಾರಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ.

ಮೃಗಶಿರಾ ಮಳೆ ದಿನದ ಮೀನಿನ ಔಷಧ, ಬರೆ ಹಾಕಿಸುವುದು?

ಮೀನಿನ ಔಷಧದಿಂದ ಅಸ್ತಮಾ ವಾಸಿಯಾಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ನಂಬಿ ಹೋಗುವವರನ್ನು ನಾನು ಜರೆಯುವುದಿಲ್ಲ, ಮಗು ಉಸಿರಿಗೆ ಒದ್ದಾಡುವಾಗ ಯಾರು ಯಾವ ಬಾಗಿಲು ತಟ್ಟುವುದಿಲ್ಲ? ಆದರೆ ಅದಕ್ಕಾಗಿ ಪಂಪ್ ನಿಲ್ಲಿಸಬೇಡಿ. ಬರೆ ಮಾತ್ರ ಬೇಡವೇ ಬೇಡ. ಕೂಸಿನ ಹೊಟ್ಟೆಯ ಮೇಲೆ ಕಾದ ಬಳೆಯ ಗುರುತು ನೋಡಿದ ಕೈ ನನ್ನದು.

ಹೋಳಿ, ಭಂಡಾರದ ಜಾತ್ರೆಗೆ ಕಳಿಸಬಹುದಾ?

ಬಾಗಲಕೋಟೆ ಹೋಳಿ ಬಿಡಿಸುವುದು ಯಾವ ತಾಯಿಗೂ ಆಗದ ಕೆಲಸ. ಹಲಗಿ ಸದ್ದು ಕೇಳಿದರೆ ಮಕ್ಕಳು ಒಳಗೆ ನಿಲ್ಲುತ್ತಾರಾ? ನೀರಿನ ಬಣ್ಣ ಆಡಲಿ, ಒಣ ಪುಡಿಯ ಗುಂಪಿನಿಂದ ದೂರ ಇರಲಿ. ಕಾಮದಹನದ ಬೆಂಕಿಯನ್ನು ಹೊಗೆ ಹೋಗುವ ಕಡೆ ನಿಲ್ಲದೆ ದೂರದಿಂದ ನೋಡಲಿ. ಚಿಂಚಲಿ ಮಾಯಕ್ಕನ ಜಾತ್ರೆಯಂಥ ಕಡೆ ಭಂಡಾರ ಮೋಡದ ಹಾಗೆ ಏಳುತ್ತದೆ. ಅಲ್ಲಿ ಹಣೆಗೆ ಹಚ್ಚಿಸಿಕೊಂಡು ಬದಿಗೆ ಬನ್ನಿ. ನೀಲಿ ಪಂಪ್ ಜೇಬಿನಲ್ಲಿ ಇರಲಿ.

ರಾತ್ರಿ ಏಕಾಏಕಿ ಜೋರಾದರೆ ಏನು ಮಾಡಬೇಕು?

ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸುತ್ತ ನಿಂತ ಮಂದಿಯನ್ನು ಸರಿಸಿ. ಡಾಕ್ಟರ್ ಬರೆದುಕೊಟ್ಟಷ್ಟು ನೀಲಿ ಪಂಪ್ ಸ್ಪೇಸರಿನಲ್ಲಿ ಕೊಡಿ. ಸಾಮಾನ್ಯವಾಗಿ 2ರಿಂದ 4 ಪಫ್, ಒಂದೊಂದಾಗಿ. 20 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ಅಷ್ಟೇ ಕೊಡುತ್ತಾ ಆಸ್ಪತ್ರೆಗೆ ಹೊರಡಿ.

ಇವು ಕಂಡರೆ ಕಾಯಲೇಬೇಡಿ, ಪಂಪ್ ಕೊಡುತ್ತಲೇ 108ಕ್ಕೆ ಕರೆ ಮಾಡಿ: ಪಕ್ಕೆ ಒಳಗೆ ಎಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ಕೂಸು ಹಾಲು ಕುಡಿಯಲಾಗದಿರುವುದು, ತುಟಿ ನೀಲಿಯಾಗುವುದು, ಮಂಕಾಗುವುದು. ಸುಂಯ್ ಸದ್ದು ನಿಂತೂ ಮಗು ಒದ್ದಾಡುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲ ಅಂತ ಅರ್ಥ. "ಸದ್ದು ನಿಂತಿತು, ಆರಾಮಾತು" ಅಂತ ಮನೆಯಲ್ಲೇ ಉಳಿದವರಿದ್ದಾರೆ.

ಆಟ, ಓಟ, ಕುಸ್ತಿ ಬಿಡಿಸಬೇಕಾ?

ಬಿಡಿಸಬೇಡಿ. ಮಹಿಳೆಯರ ಮ್ಯಾರಥಾನ್ ಓಟದಲ್ಲಿ 2003ರಲ್ಲಿ ವಿಶ್ವದಾಖಲೆ ಮಾಡಿದ ಪೌಲಾ ರಾಡ್‌ಕ್ಲಿಫ್‌ಗೆ ಅಸ್ತಮಾ ಇದೆ. ಓಡಿದರೆ ದಮ್ಮು ಬರುತ್ತದೆ ಅಂದರೆ ಹತೋಟಿ ಸಾಲದು, ಡಾಕ್ಟರಿಗೆ ತೋರಿಸಿ. ನನ್ನ ಮಗ ಈಗ ಸೈಕಲ್ ತುಳಿಯುತ್ತಾನೆ, ರವದಿ ಹೊಗೆ ಇರುವ ಬೆಳಗು ಮಾತ್ರ ಬಿಟ್ಟು.

ಹೆಣ್ಣುಮಗು. ಪಂಪ್ ಬಳಸುವುದು ಮಂದಿಗೆ ಗೊತ್ತಾದರೆ ಮುಂದೆ ಮದುವೆ?

ಈ ಪ್ರಶ್ನೆಯನ್ನು ತಾಯಂದಿರು ಎಲ್ಲರೂ ಹೋದ ಮೇಲೆ, ಸಣ್ಣ ದನಿಯಲ್ಲಿ ಕೇಳುತ್ತಾರೆ. ಗಂಡುಮಗುವಿನ ಪಂಪ್ ಟಿವಿ ಮುಂದೆ ಇರುತ್ತದೆ, ಹೆಣ್ಣುಮಗುವಿನದ್ದು ಟ್ರಂಕಿನ ತಳದಲ್ಲಿ. ರಾತ್ರಿ ಹುಡುಕುವ ಹೊತ್ತಿಗೆ ಆಗಬಾರದ್ದು ಆಗಿಬಿಡಬಹುದು. ಸರಿಯಾಗಿ ಔಷಧ ತೆಗೆದುಕೊಂಡ ಹುಡುಗಿ ಓದುತ್ತಾಳೆ, ದುಡಿಯುತ್ತಾಳೆ, ಮಕ್ಕಳನ್ನೂ ಹೆರುತ್ತಾಳೆ. ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲೂ ಮುಚ್ಚಿಟ್ಟೇ ಬದುಕಬೇಕು, ಬಸಿರಿಯಿದ್ದಾಗಲೂ ಹೆದರಿ ಪಂಪ್ ಬಿಡುತ್ತಾಳೆ. ದಯವಿಟ್ಟು ಹಾಗೆ ಮಾಡಬೇಡಿ.

ದೊಡ್ಡವರಾದ ಮೇಲೆ ಹೋಗುತ್ತದಾ?

ಚಿಕ್ಕಂದಿನಲ್ಲಿ ನೆಗಡಿಯಾದಾಗ ಮಾತ್ರ ಸುಂಯ್ ಅನ್ನುವ ಎಷ್ಟೋ ಮಕ್ಕಳಿಗೆ ಶಾಲೆಗೆ ಹೋಗುವ ಹೊತ್ತಿಗೆ ನಿಲ್ಲುತ್ತದೆ. ಅಲರ್ಜಿ, ತುರಿಕೆ ಜೊತೆಗಿರುವವರಿಗೆ ಉಳಿಯುವ ಸಂಭವ ಜಾಸ್ತಿ. ಕೆಲವರಿಗೆ ಹರೆಯದಲ್ಲಿ ಹೋಗಿ ಆಮೇಲೆ ಮರಳುತ್ತದೆ.

ಗುಳೆ ಹೋಗುವಾಗ, ಶಾಲೆಗೆ ಕಳಿಸುವಾಗ ಏನು ನೆನಪಿಡಬೇಕು?

ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೊರಡುವ ಮುಂಚೆ ಎರಡು ಮೂರು ತಿಂಗಳಿಗಾಗುವ ಪಂಪ್ ಬರೆಸಿಕೊಳ್ಳಿ. ಔಷಧ ಚೀಟಿಯ ಫೋಟೋ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ಊರು ಬದಲಾದರೆ ಡಾಕ್ಟರಿಗೆ ಹಳೇ ಕಥೆ ಗೊತ್ತಿರುವುದಿಲ್ಲ, ಭಾಷೆಯೂ ಬೇರೆ ಇರಬಹುದು.

ಶಾಲೆಯಲ್ಲಿ ಕ್ಲಾಸ್ ಟೀಚರ್‌ಗೆ ಹೇಳಿ, ನೀಲಿ ಪಂಪ್ ಮತ್ತು ಸ್ಪೇಸರ್ ಮಗುವಿನ ಚೀಲದಲ್ಲೇ ಇರಲಿ, ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಡುವುದು ಬೇಡ. ಕರಿಹಲಗೆ ಒರೆಸುವ ಕೆಲಸ, ಕಸ ಗುಡಿಸುವ ಸರದಿ ಆ ಮಗುವಿಗೆ ಕೊಡಬೇಡಿ ಅಂತ ಕೇಳಿಕೊಳ್ಳಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಮಕ್ಕಳ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಡಾಕ್ಟರಿಗೂ ತೋರಿಸಿ. ನನ್ನ ಮಗನ ಟೀಚರ್ ಒಬ್ಬರು ಪಂಪ್ ಕೊಡುವುದನ್ನು ನನ್ನಿಂದ ಐದೇ ನಿಮಿಷದಲ್ಲಿ ಕಲಿತರು, ಮರುದಿನ ಸ್ಟಾಫ್ ರೂಮಿನ ಉಳಿದವರಿಗೂ ಕಲಿಸಿದರು. ಆ ವರ್ಷ ಅವನು ಒಂದು ದಿನವೂ ಶಾಲೆಯಿಂದ ನೇರ ಆಸ್ಪತ್ರೆಗೆ ಬರಲಿಲ್ಲ.